ಒಡೆಯದ ಹನ್ನೆರಡು ತುಂಡುಗಳು

“ಒಡೆದದ್ದನ್ನೂ ಬರೆಯಬೇಕೆ, ಮೇಡಂ?” ಎಂದು ಶಿಷ್ಯೆ ಕೇಳಿದಳು.

ಅವಳು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿ. ಅಂದಿನ ಪಾಠ ಮಣ್ಣಿನ ಬಲವನ್ನು ಅಳೆಯುವುದು. ನೆಲದಿಂದ ಇಡಿಯಾಗಿ ಕಿತ್ತು ತಂದ ಎರೆಮಣ್ಣಿನ ಗಟ್ಟಿಯನ್ನು ತಂತಿಯಿಂದ ಕೊಯ್ದು, ಮೂರು ಬೆರಳು ದಪ್ಪದ, ಅದರ ಎರಡರಷ್ಟು ಎತ್ತರದ ಕಂಬ ಮಾಡಬೇಕು. ಕಂಬವನ್ನು ಯಂತ್ರದಲ್ಲಿ ನಿಲ್ಲಿಸಿ ಮೇಲಿನಿಂದ ಮೆಲ್ಲನೆ ಒತ್ತಬೇಕು. ಅದು ಎಷ್ಟು ಭಾರಕ್ಕೆ ಸೋಲುತ್ತದೆ ಎಂಬುದರಿಂದ ಆ ಮಣ್ಣಿನ ಬಲ ತಿಳಿಯುತ್ತದೆ. ಶಿಷ್ಯೆ ಬೆಳಗಿನಿಂದ ಏಳು ಕಂಬ ಕೊಯ್ದಿದ್ದಳು. ನಾಲ್ಕು ಅವಳ ಕೈಯಲ್ಲೇ ಒಡೆದಿದ್ದವು. ಮೂರು ಯಂತ್ರದವರೆಗೆ ಹೋಗಿದ್ದವು. ಮೂರಕ್ಕೂ ಒಳ್ಳೆಯ ಅಂಕಿ ಬಂದಿತ್ತು.

ಯಂತ್ರಕ್ಕೆ ಹೋಗದ ತುಂಡಿಗೆ ಅಂಕಿ ಇಲ್ಲ, ಅಂಕಿ ಇಲ್ಲದ್ದನ್ನು ಏನೆಂದು ಬರೆಯುವುದು ಎಂದು ಅವಳು ವಾದಿಸಿದಳು. ಬರೆದರೆ ತನ್ನ ಕೈಗೆ ಅಭ್ಯಾಸವಿಲ್ಲ ಎಂದು ತಾನೇ ಬರೆದುಕೊಂಡಂತಾಗುತ್ತದೆ, ಪರೀಕ್ಷೆ ನಡೆಸಲು ಬರುವವರು ಅದನ್ನೇ ಹಿಡಿದುಕೊಳ್ಳುತ್ತಾರೆ ಎಂದಳು.

ಗುರುಗಳು ಅವಳ ಪುಸ್ತಕವನ್ನು ನೋಡಿದರು. ಮೂರು ಸಾಲು, ಮೂರು ಅಂಕಿ, ಕೆಳಗೆ ಸರಾಸರಿ. ಅಕ್ಷರ ದುಂಡಗಿತ್ತು. ಅವರು ಸಹಿ ಹಾಕಲಿಲ್ಲ. ಅವಳನ್ನು ಕೂರಿಸಿ ಈ ಕತೆಯನ್ನು ಹೇಳಿದರು.

ಒಂದು ಸೀಮೆಯಲ್ಲಿ ಕಾಲುವೆ ತೋಡುತ್ತಿದ್ದರು. ಕಾಲುವೆಯ ದಾರಿಗೆ ಅಡ್ಡವಾಗಿ ಎರೆಮಣ್ಣಿನ ದಿಬ್ಬವೊಂದಿತ್ತು. ಅದನ್ನು ಮೂವತ್ತು ಅಡಿ ಆಳಕ್ಕೆ ಸೀಳಬೇಕಾಗಿತ್ತು. ದಿಬ್ಬದ ಮೇಲೆ ಒಂದು ಓಣಿ, ಓಣಿಯಲ್ಲಿ ಹದಿನೇಳು ಮನೆ. ಅಲ್ಲಿದ್ದವರು ಮಣ್ಣು ಹೊರುವವರು ಮತ್ತು ಕಲ್ಲು ಒಡೆಯುವವರು. ಅವರನ್ನು ಒಮ್ಮೆ ಜಲಾಶಯಕ್ಕಾಗಿ ಎಬ್ಬಿಸಿದ್ದರು. ಇನ್ನೊಮ್ಮೆ ರಸ್ತೆಗಾಗಿ ಎಬ್ಬಿಸಿದ್ದರು. ಮೂರನೆಯ ನೆಲೆಯಲ್ಲಿ ಅವರು ಕಲ್ಲಿನ ಗೋಡೆ ಕಟ್ಟಿಕೊಂಡಿದ್ದರು.

ಕಾಲುವೆಯ ಹೊಣೆ ಒಬ್ಬ ಇಂಜಿನಿಯರನದು. ಅವನ ಮುಂದೆ ಎರಡು ದಾರಿ ಇದ್ದವು. ದಂಡೆಯನ್ನು ಕಡಿದಾಗಿ ಬಿಟ್ಟರೆ, ಅಂದರೆ ಒಂದು ಅಡಿ ಇಳಿಯುವಲ್ಲಿ ಒಂದು ಅಡಿ ಸರಿದರೆ, ಕಡಿತದ ಅಂಚು ಓಣಿಯಿಂದ ಹದಿನೈದು ಅಡಿ ದೂರ ನಿಲ್ಲುತ್ತಿತ್ತು. ದಂಡೆಯನ್ನು ಓರೆಯಾಗಿ ಬಿಟ್ಟರೆ, ಅಂದರೆ ಒಂದು ಅಡಿಗೆ ಎರಡು ಅಡಿ ಸರಿದರೆ, ಓಣಿ ನಿಂತ ನೆಲವೇ ಹೋಗುತ್ತಿತ್ತು. ಗಟ್ಟಿ ಮಣ್ಣು ಕಡಿದಾಗಿ ನಿಲ್ಲುತ್ತದೆ, ಮೆತ್ತನೆಯದು ನಿಲ್ಲುವುದಿಲ್ಲ. ಓಣಿಯವರು ಅವನ ಹತ್ತಿರ ಹೋಗಿ ಕೈ ಮುಗಿದರು. ಅವನು ಕೆಟ್ಟವನಲ್ಲ. ತನಗೆ ಯಾರ ಮನೆಯನ್ನೂ ಕೀಳುವ ಆಸೆಯಿಲ್ಲ, ಮಣ್ಣಿನ ಪರೀಕ್ಷಕ ಕೊಡುವ ಅಂಕಿಯಂತೆ ನಡೆಯುತ್ತೇನೆ ಎಂದು ಅವರಿಗೆ ಹೇಳಿದನು.

ಪರೀಕ್ಷಕ ಹೆಸರು ಮಾಡಿದ ಮನುಷ್ಯ. ಮಣ್ಣು ಕೊಯ್ಯುವುದರಲ್ಲಿ ಅವನಂಥ ಕೈ ಆ ಸೀಮೆಯಲ್ಲಿ ಇರಲಿಲ್ಲ. ಅವನು ಮಾಡಿದ ಕಂಬದ ತುದಿಗಳು ಕಂಚಿನ ತಟ್ಟೆಯ ತಳದಂತೆ ಸಮವಾಗಿರುತ್ತಿದ್ದವು. ಅವನು ಒಂದು ಅಂಕಿಯನ್ನೂ ತಿದ್ದಿದವನಲ್ಲ. ಬೇಕಾದ ಉತ್ತರ ಬರಲೆಂದು ಯಂತ್ರವನ್ನು ಜೋರಾಗಿ ತಿರುಗಿಸಿದವನೂ ಅಲ್ಲ. ದಿಬ್ಬದ ಪಕ್ಕದಲ್ಲೇ ಒಂದು ತಗಡಿನ ಶೆಡ್ಡು ಹಾಕಿಸಿಕೊಂಡನು. ದಿಬ್ಬದಲ್ಲಿ ಮೂರು ಕಡೆ ಗುಂಡಿ ತೋಡಿಸಿದನು. ಪ್ರತಿ ಗುಂಡಿಯಿಂದ ಬೇರೆ ಬೇರೆ ಆಳದ ಗಟ್ಟಿಗಳನ್ನು ತೆಗೆಸಿ, ಒಳಗಿನ ತೇವ ಆರದಂತೆ ಬಟ್ಟೆ ಸುತ್ತಿ, ಮೇಣ ಸವರಿ, ಶೆಡ್ಡಿಗೆ ತರಿಸಿದನು. ಇಷ್ಟರಲ್ಲಿ ಒಂದು ತಪ್ಪೂ ಇರಲಿಲ್ಲ.

ಅವನು ಕೊಯ್ಯಲು ಕುಳಿತನು. ಮೊದಲನೆಯ ತುಂಡು ಅರ್ಧ ಕೊಯ್ಯುವಾಗಲೇ ಎರಡಾಯಿತು. ಎರಡನೆಯದೂ ಹಾಗೆಯೇ ಆಯಿತು. ಮೂರನೆಯದು ಪೂರ್ತಿಯಾಗಿ ನಿಂತು, ಎತ್ತಿ ಯಂತ್ರದಲ್ಲಿಡುವಾಗ ಜಾರಿ ಬೇರೆಯಾಯಿತು. ಅವನ ಮೇಜಿನ ಕೆಳಗೆ ಒಂದು ಬುಟ್ಟಿ ಇತ್ತು. ಒಡೆದದ್ದೆಲ್ಲ ಅದಕ್ಕೆ ಹೋಗುತ್ತಿತ್ತು.

ಇಲ್ಲಿ ಗಮನವಿಟ್ಟು ಕೇಳು. ಸೋಮಾರಿಯಾದ ಪರೀಕ್ಷಕನಾಗಿದ್ದರೆ ಮಣ್ಣನ್ನು ಬೈದು, ಕೊಯ್ಯಲು ಆಗುವುದಿಲ್ಲ ಎಂದು ಬರೆದು ಎದ್ದು ಹೋಗುತ್ತಿದ್ದನು. ಆಗ ದಂಡೆಯನ್ನು ಓರೆಯಾಗಿಯೇ ಬಿಡಬೇಕಾಗಿ ಹದಿನೇಳು ಮನೆ ಹೋಗುತ್ತಿದ್ದವು, ಬೇರೇನೂ ಹೋಗುತ್ತಿರಲಿಲ್ಲ. ಇವನು ಒಳ್ಳೆಯ ಕೆಲಸಗಾರ. ಒಳ್ಳೆಯ ಕೆಲಸಗಾರ ಕೈಯಲ್ಲಿದ್ದದ್ದು ಒಡೆದರೆ ಮೊದಲು ತನ್ನ ಕೈಯನ್ನು ಬೈದುಕೊಳ್ಳುತ್ತಾನೆ. ಇವನು ತಂತಿಯನ್ನು ಬದಲಿಸಿದನು. ಇನ್ನೂ ಸಣ್ಣ ತಂತಿ ತರಿಸಿದನು. ಬಿಸಿಲೇರಿದ ಮೇಲೆ ಕೈ ಬೆವರುತ್ತದೆಂದು ಬೆಳಗಿನ ತಂಪಿನಲ್ಲಿ ಕೊಯ್ಯತೊಡಗಿದನು. ಗಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿ ಸೀಳಿಲ್ಲವೋ ಅಲ್ಲಿಂದ ತುಂಡು ತೆಗೆಯುವುದನ್ನು ಕಲಿತನು. ದಿನದಿಂದ ದಿನಕ್ಕೆ ಒಡೆಯುವುದು ಕಡಿಮೆಯಾಯಿತು. ಅದನ್ನು ಕಂಡು ಅವನಿಗೆ ಸಮಾಧಾನವಾಯಿತು. ತನ್ನ ಕೈ ಈ ಮಣ್ಣಿಗೆ ಒಗ್ಗುತ್ತಿದೆ ಎಂದುಕೊಂಡನು.

ಹತ್ತು ದಿನ ಕಳೆಯುವ ಹೊತ್ತಿಗೆ ಹನ್ನೆರಡು ತುಂಡುಗಳು ಯಂತ್ರದಲ್ಲಿ ನಿಂತಿದ್ದವು. ಹನ್ನೆರಡಕ್ಕೂ ಅಂಕಿ ದೊರೆತಿತ್ತು. ಹನ್ನೆರಡು ಅಂಕಿಗಳೂ ಒಂದಕ್ಕೊಂದು ಹತ್ತಿರವಿದ್ದವು. ಒಳ್ಳೆಯ ಪರೀಕ್ಷೆಯ ಗುರುತು ಇದೇ ಎಂದು ಅವನಿಗೆ ಅವನ ಗುರುಗಳು ಕಲಿಸಿದ್ದರು. ನಾನೂ ನಿನಗೆ ಹಾಗೆಯೇ ಕಲಿಸಿದ್ದೇನೆ.

ಶೆಡ್ಡನ್ನು ಗುಡಿಸಲು ಓಣಿಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಹೆಸರು ಫಕೀರವ್ವ. ಬುಟ್ಟಿ ತುಂಬಿದಾಗ ಅದನ್ನು ಹೊತ್ತು ದಿಬ್ಬದ ಕೆಳಗೆ ಸುರಿಯುವುದೂ ಅವಳದೇ ಕೆಲಸ. ಮೂವತ್ತು ವರ್ಷ ಮಣ್ಣು ಹೊತ್ತವಳು, ಬಾಯಿ ಚುರುಕು. ಮೊದಲ ದಿನಗಳಲ್ಲಿ ಬುಟ್ಟಿ ಎತ್ತುವಾಗ ಪರೀಕ್ಷಕನನ್ನು ಹಾಸ್ಯ ಮಾಡುತ್ತಿದ್ದಳು. ಇಷ್ಟು ಓದಿದವರು ದಿನವೆಲ್ಲ ಕೂತು ಮಣ್ಣಿನ ಗೊಂಬೆ ಮಾಡುತ್ತೀರಿ, ಅದೂ ನಿಲ್ಲುವುದಿಲ್ಲ, ನಮ್ಮ ಓಣಿಯ ಮಕ್ಕಳು ಇದಕ್ಕಿಂತ ಚೆನ್ನಾಗಿ ಬಸವಣ್ಣನನ್ನು ಮಾಡುತ್ತವೆ ಎನ್ನುತ್ತಿದ್ದಳು. ಅವನೂ ನಗುತ್ತಿದ್ದನು.

ಹತ್ತನೆಯ ದಿನ ಅವಳು ಬುಟ್ಟಿಯನ್ನು ಎತ್ತಲಿಲ್ಲ. ಅದರೊಳಗಿಂದ ಒಡೆದ ತುಂಡೊಂದರ ಎರಡು ಹೋಳುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಒಡೆದ ಮುಖ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅವಳು ಒಂದನ್ನು ಇನ್ನೊಂದರ ಮೇಲೆ ಸರಿಯಾಗಿ ಕೂಡಿಸಿ ಹೆಬ್ಬೆರಳಿನಿಂದ ನೂಕಿದಳು. ಅದು ಸದ್ದಿಲ್ಲದೆ ಜಾರಿತು.

“ಸಾಹೇಬ್ರ, ಒಡದದ್ದೆಲ್ಲ ಹಿಂಗ ಐತಿ ನೋಡ್ರಿ,” ಎಂದಳು. “ಗಟ್ಟಿ ಇದ್ದದ್ದನ್ನಷ್ಟ ಆರಿಸಿಕೊಂಡು ದಿಬ್ಬ ಗಟ್ಟಿ ಐತಿ ಅಂತೀರಿ. ಹಲ್ಲಿದ್ದವರಿಗಷ್ಟ ಕಡ್ಲಿ ತಿನ್ನಿಸಿ, ಊರಿಗೆಲ್ಲ ಹಲ್ಲು ಅದಾವ ಅಂದಂಗಾತು.”

ಪರೀಕ್ಷಕ ಆ ಹೋಳುಗಳನ್ನು ನೋಡಿದನು. ಅವಳ ಮಾತನ್ನು ಅವನು ತಳ್ಳಿಹಾಕಲಿಲ್ಲ. ಅವನಿಗೆ ತಂತಿ ನೆನಪಾಯಿತು, ಬೆವರಿದ ಕೈ ನೆನಪಾಯಿತು. ಆಮೇಲೆ ಅವಳಿಗೆ ಮೃದುವಾಗಿ ಹೇಳಿದನು:

“ಅದು ನನ್ನ ಕೈತಪ್ಪು, ಫಕೀರವ್ವ. ನನ್ನ ಕೈತಪ್ಪಿಗೆ ನಿಮ್ಮ ಮನೆ ಕೀಳಿಸಲೇನು?”

ಫಕೀರವ್ವ ಎರಡು ಹೋಳುಗಳನ್ನೂ ಬುಟ್ಟಿಗೆ ಹಾಕಿದಳು. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಗೆ ಹೋದಳು. ಆಮೇಲೆ ಅವಳು ಶೆಡ್ಡಿನಲ್ಲಿ ಮಣ್ಣಿನ ವಿಷಯ ಎತ್ತಲಿಲ್ಲ. ಮನೆಯಲ್ಲಿ ಅವಳ ಮಗಳು ಬಾಣಂತಿ, ಎಬ್ಬಿಸಿದರೆ ಹಸುಗೂಸಿನೊಂದಿಗೆ ಬೀದಿಗೆ ಬೀಳಬೇಕಿತ್ತು.

ಪರೀಕ್ಷಕ ಹನ್ನೆರಡು ಸಾಲುಗಳ ಪುಸ್ತಕವನ್ನು ಇಂಜಿನಿಯರನಿಗೆ ಒಪ್ಪಿಸಿದನು. ಇಂಜಿನಿಯರನು ಅಂಕಿಗಳನ್ನು ನೋಡಿ, ಲೆಕ್ಕ ಹಾಕಿ, ಎರಡು ಸಲ ತಾಳೆ ನೋಡಿದನು. ಈ ಬಲದ ಮಣ್ಣು ಒಂದಕ್ಕೆ ಒಂದರ ಓರೆಯಲ್ಲಿ ನಿಲ್ಲುತ್ತದೆ, ಬೇಕಾದದ್ದರ ಎರಡರಷ್ಟು ಬಲ ಇದೆ ಎಂದು ಲೆಕ್ಕ ಹೇಳಿತು. ಓಣಿ ಉಳಿಯಿತು. ಆ ಸಂಜೆ ಓಣಿಯವರು ಪರೀಕ್ಷಕನ ಶೆಡ್ಡಿಗೆ ಹೋಳಿಗೆ ಕಳಿಸಿದರು. ತಂದವಳು ಫಕೀರವ್ವ.

ದಿಬ್ಬವನ್ನು ಸೀಳಿದರು. ದಂಡೆ ನಿಂತಿತು. ಮೊದಲನೆಯ ಮಳೆಗಾಲ ಕಳೆಯಿತು, ದಂಡೆ ನಿಂತಿತ್ತು. ಎರಡನೆಯ ಮಳೆಗಾಲವೂ ಕಳೆಯಿತು. ದೂರದ ಕಾಲೇಜುಗಳಿಂದ ವಿದ್ಯಾರ್ಥಿಗಳನ್ನು ಕರೆತಂದು ಆ ದಂಡೆಯನ್ನು ತೋರಿಸಿದರು. ಒಳ್ಳೆಯ ಪರೀಕ್ಷೆ ಮಾಡಿದರೆ ಎಷ್ಟು ನೆಲ ಉಳಿಸಬಹುದು ಎಂದು ವಿವರಿಸಿದರು.

ಮಣ್ಣಿನೊಳಗೆ ನಡೆದದ್ದು ಇಷ್ಟು. ದಿಬ್ಬ ಒಂದೇ ಗಟ್ಟಿಯಾಗಿರಲಿಲ್ಲ. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಯಲ್ಲಿ ಹಿಗ್ಗುತ್ತದೆ. ಸಾವಿರಾರು ವರ್ಷ ಹಾಗೆ ಕುಗ್ಗಿ ಹಿಗ್ಗಿ, ಒಳಗೇ ಒಂದನ್ನೊಂದು ಉಜ್ಜಿ, ಅದು ಹೊಳೆಯುವ ಸೀಳುಗಳಿಂದ ತುಂಬಿತ್ತು. ಸೀಳುಗಳ ನಡುವಿನ ಮಣ್ಣು ಗಟ್ಟಿ. ಪರೀಕ್ಷಕ ಅಳೆದದ್ದು ಆ ನಡುವಿನ ಮಣ್ಣನ್ನು. ದಿಬ್ಬ ಇಡಿಯಾಗಿದ್ದಾಗ ಸುತ್ತಲಿನ ಭಾರ ಸೀಳುಗಳನ್ನು ಬಿಗಿಯಾಗಿ ಮುಚ್ಚಿ ಹಿಡಿದಿತ್ತು. ಒಂದು ಬದಿಯನ್ನು ತೆಗೆದ ಮೇಲೆ ಹಿಡಿಯುವವರಿಲ್ಲ. ಕೂದಲೆಳೆಯಷ್ಟು ಸೀಳು ಬಿಟ್ಟಿತು. ಅದರೊಳಗೆ ಮಳೆಯ ನೀರು ಇಳಿಯಿತು. ನೀರು ಸೀಳಿನ ಎರಡು ಮುಖಗಳನ್ನು ಮೆತ್ತಗೆ ಮಾಡಿತು, ಒಂದನ್ನೊಂದು ಒತ್ತದಂತೆ ದೂರ ತಳ್ಳಿತು. ಮರುವರ್ಷ ಇನ್ನೂ ಒಳಗೆ ಹೋಯಿತು. ಇದಕ್ಕೆ ಅವಸರವಿಲ್ಲ. ದಂಡೆ ಇಂದು ನಿಂತಿದೆ ಎಂಬುದು ಇಂದಿನ ಮಾತು ಮಾತ್ರ.

ಮೂರನೆಯ ಬೇಸಿಗೆಯಲ್ಲಿ ಓಣಿಯ ಹಿತ್ತಿಲುಗಳ ಹಿಂದೆ ನೆಲ ಬಿರುಕು ಬಿಟ್ಟಿತು. ಎರೆಸೀಮೆಯಲ್ಲಿ ಬೇಸಿಗೆಯ ಬಿರುಕನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಕ್ಕಳ ಕಾಲು ಸಿಕ್ಕಿಕೊಳ್ಳದಿರಲೆಂದು ಮಣ್ಣು ತುಂಬಿ ಸಗಣಿ ಸಾರಿಸಿದರು. ಮಳೆ ಬಂದರೆ ನೆಲ ತಾನೇ ಹಿಗ್ಗಿ ಬಿರುಕು ಮುಚ್ಚಬೇಕು. ಮಳೆ ಬಂತು. ಹೊಲಗಳ ಬಿರುಕೆಲ್ಲ ಮುಚ್ಚಿತು. ಹಿತ್ತಿಲ ಹಿಂದಿನದು ಮುಚ್ಚಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೆರೆಯಾಗಿ ತೆರೆದೇ ಇತ್ತು. ಹದಿನೇಳು ಮನೆಯವರಿಗೂ ಅದು ಕಂಡಿತ್ತು. ತಿಳಿಸಿದರೆ ಇಂಜಿನಿಯರನು ಬರುತ್ತಾನೆ, ಬಂದರೆ ನೋಡುತ್ತಾನೆ, ನೋಡಿದರೆ ಎಬ್ಬಿಸುತ್ತಾನೆ ಎಂಬುದೂ ಅವರಿಗೆ ಗೊತ್ತಿತ್ತು. ಅವರು ಮತ್ತೆ ಮಣ್ಣು ತುಂಬಿ ಮತ್ತೆ ಸಾರಿಸಿದರು.

ಸ್ವಾತಿ ಮಳೆ ಮುಗಿಯಿತು. ಹೂಳು ತೆಗೆಯಲೆಂದು ಕಾಲುವೆಯ ನೀರನ್ನು ನಿಲ್ಲಿಸಿದರು. ದಂಡೆಯ ಬುಡಕ್ಕೆ ಒತ್ತಾಸೆಯಾಗಿದ್ದ ನೀರು ಮೂರು ದಿನದಲ್ಲಿ ಇಳಿಯಿತು. ದಂಡೆಯೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಒಳ್ಳೆಯ ಬಿಸಿಲಿತ್ತು. ರೊಟ್ಟಿ ಬಡಿಯುವ ಹೊತ್ತು. ಗಂಡಸರು ಕೆಲಸಕ್ಕೆ ಹೊರಟಿದ್ದರು. ದಂಡೆ ಸೀಳಿನ ಗುಂಟ ಜಾರಿತು. ಹನ್ನೊಂದು ಮನೆ ಅದರ ಜೊತೆಗೆ ಹೋದವು. ಸತ್ತವರು ಇಪ್ಪತ್ತಮೂರು. ಹೆಣಗಳನ್ನು ತೆಗೆಯಲು ಆರು ದಿನ ಹಿಡಿಯಿತು. ಮಣ್ಣು ಹೊರುವವರ ಓಣಿ, ತೆಗೆದವರೂ ಅವರೇ. ಎರಡು ಹೆಣ ಸಿಗಲಿಲ್ಲ. ಫಕೀರವ್ವನ ಮಗಳ ಆ ಕೂಸಿಗೆ ಆಗ ಮೂರು ವರ್ಷ. ಸಿಗದ ಎರಡರಲ್ಲಿ ಅದೊಂದು.

ಪರೀಕ್ಷಕ ಎರಡನೆಯ ದಿನ ಬಂದನು. ಜಾರಿದ ಮಣ್ಣಿನಲ್ಲಿ ನಡೆದು ಒಂದು ಹೆಂಟೆಯನ್ನು ಎತ್ತಿ ನೆಲಕ್ಕೆ ಕುಕ್ಕಿದನು. ಅದು ಹೊಳೆಯುವ ಮುಖದಲ್ಲಿ ಒಡೆಯಿತು. ಇನ್ನೊಂದನ್ನು ಎತ್ತಿದನು. ಅದೂ ಹಾಗೆಯೇ ಒಡೆಯಿತು. ಕೊನೆಗೆ ಒಡೆಯದ ಗಟ್ಟಿಯೊಂದು ಸಿಕ್ಕಿತು. ಅದನ್ನು ತನ್ನ ಯಂತ್ರವಿದ್ದಲ್ಲಿಗೆ ಒಯ್ದು, ಕೊಯ್ದು, ಯಂತ್ರದಲ್ಲಿಟ್ಟು ಒತ್ತಿದನು. ಮೂರು ವರ್ಷದ ಹಿಂದಿನ ಹನ್ನೆರಡು ಅಂಕಿಗಳ ಪಕ್ಕದಲ್ಲಿ ಹದಿಮೂರನೆಯದಾಗಿ ಬರೆಯಬಹುದಾದ ಅಂಕಿ ಬಂತು. ಇಪ್ಪತ್ತಮೂರು ಜನರನ್ನು ಹೂತ ಮಣ್ಣು ಅದು. ಅದರ ಬಲ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ವಿಚಾರಣೆಗೆ ಮೂವರು ಹಿರಿಯರು ಬಂದರು. ಪರೀಕ್ಷಕನ ಪುಸ್ತಕವನ್ನು ತರಿಸಿದರು. ಯಂತ್ರವನ್ನು ತೂಕದ ಕಲ್ಲಿಟ್ಟು ಪರೀಕ್ಷಿಸಿದರು, ಸರಿಯಾಗಿತ್ತು. ಹನ್ನೆರಡು ಲೆಕ್ಕಗಳನ್ನು ಮತ್ತೆ ಮಾಡಿದರು, ಹನ್ನೆರಡೂ ಸರಿಯಾಗಿದ್ದವು. ಇದರಲ್ಲಿ ಸುಳ್ಳು ಬರೆದದ್ದು ಇದೆಯೇ ಎಂದು ಕೇಳಿದರು. ಇಲ್ಲ ಎಂದನು. ಅಷ್ಟಕ್ಕೆ ಬಿಟ್ಟಿದ್ದರೆ ಅವನು ಹೋಗಬಹುದಿತ್ತು. ಅವನು ಹೋಗಲಿಲ್ಲ. ಕೊಯ್ಯುವಾಗ ಒಡೆದವೂ ಇದ್ದವು, ಅವನ್ನು ಬರೆದಿಲ್ಲ ಎಂದು ತಾನೇ ಹೇಳಿದನು.

ಎಷ್ಟು ಒಡೆದವು ಎಂದು ಅವರು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚೇ ಎಂದರೆ, ಇರಬಹುದು ಎಂದನು. ಮುಕ್ಕಾಲು ಭಾಗವೇ ಎಂದರೆ, ಅದೂ ಇರಬಹುದು ಎಂದನು. ಅದನ್ನು ಕಂಡವರು ಬೇರೆ ಯಾರಾದರೂ ಇದ್ದರೆ ಕರೆಸಿ ಎಂದರು. ಬುಟ್ಟಿ ಹೊರುತ್ತಿದ್ದ ಹೆಂಗಸೊಬ್ಬಳಿದ್ದಳು ಎಂದನು. ಅವಳ ಹೆಸರೇನೆಂದು ಕೇಳಿದರು. ಹೇಳಿದನು. ಗುಮಾಸ್ತ ಸತ್ತವರ ಪಟ್ಟಿಯನ್ನು ತೆಗೆದು ಬೆರಳಿಟ್ಟು ಹುಡುಕಿದನು. ಎಂಟನೆಯ ಹೆಸರು ಅವಳದು.

ಬರಹದಲ್ಲಿ ಇಲ್ಲದ್ದನ್ನು ತಾವು ತೂಗಲಾರೆವು ಎಂದು ಮೂವರೂ ಹೇಳಿದರು. ಪರೀಕ್ಷೆ ಕ್ರಮವಾಗಿ ನಡೆದಿದೆ, ದಂಡೆ ಜಾರಿದ್ದು ಮಳೆಯ ಹೆಚ್ಚಳದಿಂದ ಎಂದು ಬರೆದು ಸಹಿ ಹಾಕಿದರು. ಆ ವರ್ಷದ ಮಳೆ ಹಿಂದಿನ ವರ್ಷಕ್ಕಿಂತ ಎರಡು ಅಂಗುಲ ಕಡಿಮೆ. ಅದನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕವನ್ನು ಯಾರೂ ತರಿಸಲಿಲ್ಲ. ವಿಚಾರಣೆ ಮುಗಿಯುವವರೆಗೆ ತಡೆಹಿಡಿದಿದ್ದ ಕೆಲಸ ಪರೀಕ್ಷಕನಿಗೆ ಹಿಂದಿರುಗಿ ಸಿಕ್ಕಿತು. ಪಕ್ಕದ ಸೀಮೆಯಲ್ಲಿ ಇನ್ನೊಂದು ಕಾಲುವೆ, ಇನ್ನೊಂದು ದಿಬ್ಬ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ತಟ್ಟೆಯಲ್ಲಿದ್ದ ಒಡೆದ ತುಂಡುಗಳನ್ನು ನೋಡಿದಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅದರ ಮುಖ ಹೊಳೆಯುತ್ತಿತ್ತು. ಆಮೇಲೆ ಪುಸ್ತಕವನ್ನು ಎಳೆದುಕೊಂಡು, ಮೂರು ಸಾಲುಗಳ ಕೆಳಗೆ ಇನ್ನೂ ನಾಲ್ಕು ಸಾಲು ಬರೆದಳು. ಅಂಕಿ ಇರಬೇಕಾದ ಕಡೆ, ಕೊಯ್ಯುವಾಗ ಹೊಳೆಯುವ ಸೀಳಿನಲ್ಲಿ ಒಡೆಯಿತು ಎಂದು ನಾಲ್ಕು ಸಲವೂ ಪೂರ್ತಿಯಾಗಿ ಬರೆದಳು. ಬರೆದು ಮುಗಿಸಿದ ಮೇಲೆ ಅವಳ ಮುಖ ಸ್ವಲ್ಪ ಹಗುರವಾಯಿತು.

“ಆ ಎರಡನೆಯ ದಿಬ್ಬದಲ್ಲಿ ಅವನು ಒಡೆದದ್ದನ್ನೂ ಬರೆದನೇ, ಮೇಡಂ?” ಎಂದು ಕೇಳಿದಳು.

“ಒಂದನ್ನೂ ಬಿಡದೆ ಬರೆದ; ಓದಿದವರು ಇವನ ಕೈ ಕೆಟ್ಟಿದೆ ಎಂದು ತೀರ್ಮಾನಿಸಿ, ಒಡೆಯದಂತೆ ಕೊಯ್ಯುವವನೊಬ್ಬನನ್ನು ಆ ಜಾಗಕ್ಕೆ ತಂದರು,” ಎಂದರು ಗುರುಗಳು.